ಇಬ್ಬರೂ ಒಂದೇ ಚೌಕಟ್ಟಿನಲ್ಲಿ: ಒಂದು ಪ್ರೇಮಚಿತ್ರದ ಬೆಳಕಿನ ಲೆಕ್ಕ

ಕಡುಗಪ್ಪು ಮೈಬಣ್ಣದ ಒಬ್ಬ, ತೀರಾ ಬಿಳಿಯ ಮೈಬಣ್ಣದ ಇನ್ನೊಬ್ಬ, ಹೀಗೆ ಇಬ್ಬರು ಗಂಡಸರ ಪ್ರೇಮದ ಕಥೆಯನ್ನು ಸಣ್ಣ ಬಜೆಟ್ಟಿನಲ್ಲಿ ಚಿತ್ರೀಕರಿಸಲು ಹೊರಟಾಗ ನನಗೆ ಬಂದ ಸಲಹೆಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದವು: ಇಬ್ಬರನ್ನೂ ಬೇರೆ ಬೇರೆ ಕ್ಲೋಸಪ್ಪಿನಲ್ಲಿ ಹಿಡಿದು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬೆಳಕು ಹೊಂದಿಸಿ, ಸಂಕಲನದಲ್ಲಿ ಜೋಡಿಸಿಬಿಡಿ. ಹಣ ಹಾಕಲು ಬಂದಿದ್ದ ಒಬ್ಬರಂತೂ ಇಬ್ಬರೂ ಒಂದೇ ಬಣ್ಣದವರಾದರೆ ಕಥೆಗೇನು ನಷ್ಟವೆಂದು ಕೇಳಿದರು. ನನ್ನ ಉತ್ತರ ಹಿಡಿಸದೆ ಹಿಂದೆ ಸರಿದರು. ಆದರೆ ಪ್ರೇಮಿಗಳು ಒಟ್ಟಿಗೆ ಕಾಣಿಸದ ಪ್ರೇಮಚಿತ್ರವನ್ನು ನಾನೇಕೆ ಮಾಡಬೇಕು? ಸಲಿಂಗ ಪ್ರೇಮಿಗಳನ್ನು ದೂರದೂರ ಕೂರಿಸಿ, ಕಿಟಕಿಯಾಚೆ ನೋಡುವಂತೆ ಮಾಡಿ ಕೈತೊಳೆದುಕೊಳ್ಳುವ ಚಿತ್ರಗಳು ಈಗಾಗಲೇ ಸಾಕಷ್ಟಿವೆ.

ಕಪ್ಪು ಮುಖಕ್ಕೆ ಇನ್ನಷ್ಟು ಬೆಳಕು ಸುರಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನನ್ನ ನಟರಿಬ್ಬರ ನಡುವೆ ಸುಮಾರು ಎರಡು ಸ್ಟಾಪ್, ಅಂದರೆ ಬೆಳಕಿನಲ್ಲಿ ಸುಮಾರು ನಾಲ್ಕು ಪಟ್ಟಿನ ಅಂತರವಿತ್ತು. ಒಬ್ಬನ ಕೆನ್ನೆ ಸರಿಹೋದರೆ ಇನ್ನೊಬ್ಬನ ಹಣೆ ಸುಟ್ಟುಹೋಗುತ್ತಿತ್ತು. ಹಣೆಯನ್ನು ಉಳಿಸಿಕೊಂಡರೆ ಕೆನ್ನೆ ಬೂದಿ ಬಳಿದಂತೆ ಕಾಣುತ್ತಿತ್ತು. ಗ್ರೇಡಿಂಗಿನಲ್ಲಿ (ಚಿತ್ರೀಕರಣದ ನಂತರ ಬಣ್ಣ, ಬೆಳಕು ತಿದ್ದುವ ಹಂತದಲ್ಲಿ) ಆ ಮುಖದ ಸುತ್ತಷ್ಟೇ ವಿಂಡೋ ಹಾಕಿ ಬೆಳಕನ್ನು ಮೇಲೆತ್ತಲು ಹೋದರೆ ನೆರಳಿನಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಕಲೆ, ತುಂಬಿಕೊಳ್ಳುತ್ತಿತ್ತು, ಅಪ್ಪುಗೆಯಲ್ಲಿ ಒಂದು ಮುಖ ಇನ್ನೊಂದಕ್ಕೆ ಅಡ್ಡ ಬಂದ ಕೂಡಲೇ ಮುಖವನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಕೈಕೊಡುತ್ತಿತ್ತು. ನನ್ನ ಹಿಂದಿನ ಕಿರುಚಿತ್ರದಲ್ಲಿ ಈ ರಿಪೇರಿ ಕೆಲಸವೇ ಬಜೆಟ್ಟಿನ ಕಾಲುಭಾಗದಷ್ಟನ್ನು ನುಂಗಿತ್ತು.

ಈ ತೊಡಕು ಚರ್ಮದ್ದಲ್ಲ, ನಮ್ಮ ಅಭ್ಯಾಸದ್ದು. ಕೊಡ್ಯಾಕ್ ಕಂಪನಿಯ ಶರ್ಲಿ ಕಾರ್ಡ್ ಎಂಬ ಮಾದರಿ ಚಿತ್ರದಲ್ಲಿದ್ದ ಬಿಳಿಯ ಹೆಣ್ಣಿನ ಮೈಬಣ್ಣವನ್ನೇ ಸರಿಯಾದ ಬಣ್ಣವೆಂದು ಹಿಡಿದು ಫೋಟೋ ಪ್ರಯೋಗಾಲಯಗಳು ದಶಕಗಳ ಕಾಲ ಮುದ್ರಣ ಮಾಡಿದವು. ಬೇರೆ ಬೇರೆ ಮೈಬಣ್ಣದವರಿದ್ದ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಇಂದಿನ ಸೆನ್ಸರುಗಳು ಎಷ್ಟೋ ಮೇಲು, ಆದರೆ ಬೆಳಕು ಹಾಕುವ ಕೈಗಳು ಹಳೆಯ ಪಾಠವನ್ನು ಇನ್ನೂ ಬಿಟ್ಟಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಬೆಳಕಿನ ಪ್ರಮಾಣವಲ್ಲ, ಅದರ ಪ್ರತಿಫಲನ. ಕಪ್ಪು ಚರ್ಮವು ಹತ್ತಿರದಲ್ಲಿ ಬೆಳಗುತ್ತಿರುವ ದೊಡ್ಡ ಮೇಲ್ಮೈಯನ್ನು ಸೊಗಸಾಗಿ ಪ್ರತಿಫಲಿಸುತ್ತದೆ. ಆದ್ದರಿಂದ ಎಂಟಡಿ ಅಗಲದ ಮಸ್ಲಿನ್ ಬಟ್ಟೆಯನ್ನು ಕಪ್ಪು ನಟನ ಪಕ್ಕದಲ್ಲಿ, ಮುಖಕ್ಕಿಂತ ಸ್ವಲ್ಪ ಹಿಂದೆ ಕಟ್ಟಿ, ದೀಪವನ್ನು ಅದರ ಮೇಲೆ ಬೌನ್ಸ್ ಮಾಡಿಸಿದೆ. ಕ್ಯಾಮೆರಾ ಇದ್ದ ಜಾಗದಿಂದ ನೋಡಿದರೆ ಆ ಬಟ್ಟೆಯ ಪ್ರತಿಬಿಂಬ ಅವನ ಕೆನ್ನೆಯೆಲುಬಿನ ಮೇಲೆ ಉದ್ದನೆಯ ಹೊಳಪಾಗಿ ಇಳಿಯುತ್ತಿತ್ತು, ಮುಖದ ಆಕಾರವೆಲ್ಲ ಆ ಹೊಳಪಿನಲ್ಲೇ ಮೂಡುತ್ತಿತ್ತು. ಬಿಳಿಯ ನಟ ಬಟ್ಟೆಗೆ ದೂರವಿದ್ದುದರಿಂದ ಅವನ ಮೇಲಿನ ಬೆಳಕು ತಾನಾಗಿಯೇ ಇಳಿಯಿತು. ಮಿಕ್ಕದ್ದನ್ನು ಒಂದು ಡಬಲ್ ನೆಟ್ (ಬೆಳಕು ತಗ್ಗಿಸುವ ಬಲೆಯ ಚೌಕಟ್ಟು) ಕತ್ತರಿಸಿತು. ಬಿಳಿಯ ಮುಖವನ್ನು ವೇವ್‌ಫಾರ್ಮಿನಲ್ಲಿ (ಚಿತ್ರದ ಬೆಳಕನ್ನು 0ಯಿಂದ 100ರವರೆಗೆ ತೋರಿಸುವ ಗ್ರಾಫಿನಲ್ಲಿ) 55ರ ಆಸುಪಾಸಿಗೆ ನಿಲ್ಲಿಸಿ, ಕಪ್ಪು ಮುಖವನ್ನು ಅದರ ಪಾಡಿಗೆ ಕೆಳಗೇ ಬಿಟ್ಟೆ. ಅದು ಕಪ್ಪಾಗಿಯೇ ಇರಬೇಕಿತ್ತು. ಮೇಕಪ್ಪಿನವರ ಪೌಡರ್ ಡಬ್ಬಿಯನ್ನು ಮುಚ್ಚಿಸಿ, ಒಂದು ಎಣ್ಣೆಯ ಮಿಶ್ರಣವನ್ನು ಹಚ್ಚಿಸಿದೆ. ಅದರಲ್ಲಿ ಏನೇನಿತ್ತೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಪ್ಪುಗೆಯ ದೃಶ್ಯದಲ್ಲಿ ಮಾತ್ರ ಈ ದೂರದ ಲೆಕ್ಕ ನಿಲ್ಲುವುದಿಲ್ಲ, ಏಕೆಂದರೆ ಎರಡು ಮುಖಗಳ ನಡುವೆ ನೆಟ್ ತೂರಿಸಲು ಜಾಗವೇ ಇರುವುದಿಲ್ಲ. ಆದಕಾರಣ ತಾಲೀಮಿನ ಹಂತದಲ್ಲಿಯೇ ಇಂಟಿಮಸಿ ಕೋಆರ್ಡಿನೇಟರ್ ಅವರನ್ನೂ ಛಾಯಾಗ್ರಾಹಕರನ್ನೂ ಒಟ್ಟಿಗೆ ಕೂರಿಸಿದೆ. ಯಾರ ಕೈ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬುದನ್ನು ನಟರ ಒಪ್ಪಿಗೆ ಪಡೆದು ಕೋಆರ್ಡಿನೇಟರ್ ಗೊತ್ತುಮಾಡುತ್ತಿದ್ದಾಗಲೇ ಯಾರ ಮುಖ ಎತ್ತ ತಿರುಗಿದರೆ ಹೊಳಪು ಉಳಿಯುತ್ತದೆಂಬುದನ್ನೂ ಗುರುತು ಹಾಕಿಕೊಂಡೆವು. ಬಿಳಿಯ ನಟ ತನ್ನ ಹಣೆಯನ್ನು ಗೆಳೆಯನ ಕುತ್ತಿಗೆಗೆ ಒತ್ತಿದ ಕೂಡಲೇ ಅವನ ಮುಖ ತಾನಾಗಿಯೇ ನೆರಳಿಗೆ ಜಾರಿತು. ನಮಗೆ ಬೇಕಾಗಿದ್ದ ನೆಟ್ಟಿನ ಕೆಲಸವನ್ನು ಆ ಒಂದು ಚಲನೆಯೇ ಮಾಡಿಕೊಟ್ಟಿತು, ಭಾವವೂ ಅದರಲ್ಲೇ ಇತ್ತು. ಕೋಆರ್ಡಿನೇಟರಿಗೆ ಕೊಟ್ಟ ಸಂಭಾವನೆ ದಂಡವೆಂದು ಮೂಗು ಮುರಿದವರಿದ್ದರು. ಒಪ್ಪಿಗೆಯ ವಿಷಯ ಹಾಗಿರಲಿ, ಬರಿಯ ಲೆಕ್ಕದಲ್ಲಿ ನೋಡಿದರೂ ಟೇಕುಗಳು ಕಡಿಮೆಯಾಗಿ ಆ ಹಣ ವಾಪಸು ಬಂದಿತು.

ನಡುವೆ ಕುತೂಹಲಕ್ಕೆಂದು ಕ್ಯಾಮೆರಾಗೆ ಪೋಲರೈಸರ್ ಫಿಲ್ಟರ್ ಹಾಕಿ ನೋಡಿದೆ. ಅದು ಹೊಳಪನ್ನೆಲ್ಲ ಒರೆಸಿಹಾಕಿತು, ಮುಖ ಮತ್ತೆ ಚಪ್ಪಟೆಯಾಯಿತು. ಆಗಲೇ ನನ್ನ ಊಹೆ ಸರಿಯೆಂದು ಖಚಿತವಾದದ್ದು. ಇಡೀ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಮುಗಿಸಿಬಿಡುವ ಯೋಚನೆಯೂ ಬಂದಿತ್ತು. ಪರೀಕ್ಷೆಯ ದೃಶ್ಯಗಳೇನೋ ಚೆನ್ನಾಗಿದ್ದವು, ಆದರೆ ಇಬ್ಬರ ಮೈಬಣ್ಣವೂ ಒಂದು ಅಲಂಕಾರದಂತೆ ಕಾಣತೊಡಗಿದ್ದರಿಂದ ಅದನ್ನು ಕೈಬಿಟ್ಟೆ.

ಬೆಳಕಿನ ಸಾಮಾನಿನ ಬಾಡಿಗೆ ಬಜೆಟ್ಟಿನ ಹತ್ತನೇ ಒಂದು ಭಾಗವನ್ನೂ ಮುಟ್ಟಲಿಲ್ಲ, ಗ್ರೇಡಿಂಗಿನ ಖರ್ಚು ಹಿಂದಿನದರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆಗ ಇದು ಆಗದೆಂದು ತಲೆಯಾಡಿಸಿದ್ದ ಛಾಯಾಗ್ರಾಹಕರೊಬ್ಬರು ಈಗ ಫ್ರೇಮುಗಳನ್ನು ಕೇಳಿ ತರಿಸಿಕೊಳ್ಳುತ್ತಿದ್ದಾರೆ. ಈ ದಾರಿ ಹಿಡಿಯುವವರು ಲ್ಯಾಪ್‌ಟಾಪಿನ ಪರದೆಯನ್ನು ನಂಬಬಾರದು. ಚಿತ್ರಮಂದಿರದ ಪರದೆ ಅದಕ್ಕಿಂತ ಮಂಕು, ಅದರ ಬೆಳಕಿನ ಮಾನದಂಡ 48 ನಿಟ್ಸ್ ಮಾತ್ರ. ಹಳೆಯ ದೀಪದ ಪ್ರೊಜೆಕ್ಟರಿನಲ್ಲಿ ಅಷ್ಟೂ ಇರುವುದಿಲ್ಲ, ಆಗ ಮೊದಲು ಮುಳುಗುವುದು ಕಪ್ಪು ಮುಖವೇ. ಅಪ್ಪುಗೆಯ ದೃಶ್ಯವೊಂದನ್ನಾದರೂ ಡಿಸಿಪಿ (ಚಿತ್ರಮಂದಿರದಲ್ಲಿ ಹಾಕುವ ಡಿಜಿಟಲ್ ಪ್ರತಿ) ಮಾಡಿಸಿ, ಸಿಗುವ ಪ್ರೊಜೆಕ್ಟರುಗಳಲ್ಲಿ ಅತಿ ಮಂಕಾದುದರಲ್ಲಿ ಹಾಕಿಸಿ, ಕೊನೆಯ ಸಾಲಿನಲ್ಲಿ ಕುಳಿತು ನೋಡಿದ ಮೇಲೆಯೇ ಗ್ರೇಡಿಂಗಿಗೆ ಒಪ್ಪಿಗೆ ಕೊಡಬೇಕು.