ವಿದೇಶಕ್ಕೆ ಹೋಗಿ ಪುಕ್ಕಟೆ ಸಲಹೆ ಕೊಡುವುದು ಹೇಗೆ?

ಹಾಲು ಒಕ್ಕೂಟದಲ್ಲಿ ದುಡಿದು ನಿವೃತ್ತರಾದವರು, ಸಹಕಾರ ಸಂಘದ ಲೆಕ್ಕಪತ್ರ ಬಲ್ಲವರು, ಕೋಳಿ ಸಾಕಣೆಯಲ್ಲಿ ಪಳಗಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಅನುಭವ ಬೇಕಾದ ಊರುಗಳು ಆಫ್ರಿಕಾ, ಏಷ್ಯಾದ ಉದ್ದಗಲಕ್ಕೂ ಇವೆ. ಎರಡು ವಾರವೋ, ಒಂದೆರಡು ತಿಂಗಳೋ ಅಲ್ಲಿದ್ದು, ಒಂದು ಸಮಸ್ಯೆ ಹಿಡಿದು ಕೂತು, ದಾರಿ ತೋರಿಸಿ ಬರುವ ಕೆಲಸ ಇದು. ಸಂಬಳ ಇಲ್ಲ. ಟಿಕೆಟ್, ವಸತಿ, ಊಟದ ಖರ್ಚನ್ನು ಸಾಮಾನ್ಯವಾಗಿ ಕಳಿಸುವ ಸಂಸ್ಥೆ ಅಥವಾ ಕರೆಸಿಕೊಂಡವರು ನೋಡಿಕೊಳ್ಳುತ್ತಾರೆ.

ಯಾರ ಮೂಲಕ ಹೋಗುವುದು?

ಅದು ನೀವು ಎಲ್ಲಿ ನೆಲೆಸಿದ್ದೀರಿ ಅನ್ನುವುದರ ಮೇಲಿದೆ. ಜರ್ಮನಿಯಲ್ಲಿದ್ದರೆ ಬಾನ್ ನಗರದ ಸೀನಿಯರ್ ಎಕ್ಸ್‌ಪರ್ಟ್ ಸರ್ವಿಸ್, ಅಂದರೆ ಎಸ್‌ಇಎಸ್ ಇದೆ, 1983ರಿಂದ ನಿವೃತ್ತ ತಜ್ಞರನ್ನು ಹೊರದೇಶಗಳಿಗೆ ಕಳಿಸುತ್ತಿದೆ. ನೆದರ್‌ಲೆಂಡ್ಸ್‌ನಲ್ಲಿ 1978ರಲ್ಲಿ ಶುರುವಾದ ಅಂಥದ್ದೇ ಸಂಸ್ಥೆ ಪಿಯುಎಂ ಇದೆ. ಅಮೆರಿಕದಲ್ಲಿ 1985ರ ಕೃಷಿ ಕಾಯ್ದೆಯಿಂದ ಹುಟ್ಟಿದ ಫಾರ್ಮರ್ ಟು ಫಾರ್ಮರ್ ಯೋಜನೆಯಲ್ಲಿ ಎರಡರಿಂದ ನಾಲ್ಕು ವಾರದ ಕೆಲಸಗಳು ಸಿಗುತ್ತಿದ್ದವು. ಆದರೆ ಅದಕ್ಕೆ ಹಣ ಕೊಡುತ್ತಿದ್ದ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್ಏಡ್ 2025ರಲ್ಲಿ ಬಾಗಿಲು ಹಾಕಿದೆ. ಹಳೆಯ ಮಾಹಿತಿ ನಂಬಿ ಅರ್ಜಿ ಹಾಕಬೇಡಿ. ಕರ್ನಾಟಕದಲ್ಲೇ ಇರುವವರು ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ, ಅಂದರೆ ಯುಎನ್‌ವಿಯಲ್ಲಿ ಹೆಸರು ನೋಂದಾಯಿಸಬಹುದು. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವ ಕೆಲಸಗಳೂ ಅಲ್ಲಿ ಇರುತ್ತವೆ. ಮೊದಲ ಸಲ ಹೋಗುವವರಿಗೆ ಅದು ಒಳ್ಳೆಯ ಅಭ್ಯಾಸ. ದೊಡ್ಡ ಕಂಪನಿಯಲ್ಲಿದ್ದರೆ ಎಚ್‌ಆರ್‌ನವರನ್ನು ಒಮ್ಮೆ ಕೇಳಿ. ಐಬಿಎಂ 2008ರಲ್ಲಿ ತನ್ನ ನೌಕರರ ತಂಡಗಳನ್ನು ತಿಂಗಳ ಮಟ್ಟಿಗೆ ಹೀಗೆ ಕಳಿಸಲು ಶುರುಮಾಡಿತ್ತು.

'ನೋಂದಣಿ ಶುಲ್ಕ ಕಟ್ಟಿ, ಸೇವೆ ಮಾಡಿ' ಅನ್ನುವವರಿಂದ ದೂರ ಇರಿ. ಕೆಲಸ ಮಾಡುವವರು ನೀವು, ದುಡ್ಡನ್ನೂ ನೀವೇ ಕೊಡಬೇಕಾ?

ಕೆಲಸದ ಪತ್ರ ಓದಿ, ಪ್ರಶ್ನೆ ಕೇಳಿ

ಒಪ್ಪಿಕೊಳ್ಳುವ ಮೊದಲು 'ಸ್ಕೋಪ್ ಆಫ್ ವರ್ಕ್', ಅಂದರೆ ನೀವು ಏನು ಮಾಡಬೇಕು ಅಂತ ಹೇಳುವ ಪತ್ರ ಬರುತ್ತದೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯಬೇಕು. ಉಗಾಂಡದ ಎಂಬರಾರ ಕಡೆಯ ಒಂದು ಹಾಲಿನ ಸಂಘ ನಿಮ್ಮನ್ನು ಕರೆದಿದೆ ಅಂದುಕೊಳ್ಳಿ. ಪತ್ರದಲ್ಲಿ 'ಹಾಲಿನ ಗುಣಮಟ್ಟ ಹೆಚ್ಚಿಸುವುದು' ಅಂತ ಒಂದೇ ಸಾಲು. ಎರಡು ವಾರದಲ್ಲಿ ಇದನ್ನು ಯಾರೂ ಮಾಡಲಾರರು. ಹಾಗಾಗಿ ವಾಟ್ಸ್ಆಪ್‌ನಲ್ಲೇ ಕೇಳಲು ಶುರುಮಾಡಿ. ದಿನಕ್ಕೆ ಎಷ್ಟು ಲೀಟರ್ ಬರುತ್ತದೆ? ಕೆಟ್ಟಿದೆ ಅಂತ ಎಷ್ಟು ವಾಪಸ್ ಹೋಗುತ್ತದೆ? ಬೆಳಗಿನ ಹಾಲಾ, ಸಂಜೆಯದಾ? ಕೂಲರ್ ಇದೆಯಾ, ಕರೆಂಟ್ ಹೋದರೆ ಏನು ಮಾಡುತ್ತಾರೆ? ಹಿಂದೆ ಯಾರಾದರೂ ಬಂದಿದ್ದರಾ, ಅವರು ಹೇಳಿದ್ದು ಏನಾಯಿತು? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ.

ಉತ್ತರ ಬಂದ ಮೇಲೆ ಪತ್ರವನ್ನು ಕಿರಿದು ಮಾಡಿಸಿ. 'ವಾಪಸ್ ಹೋಗುವ ಹಾಲನ್ನು ಕಡಿಮೆ ಮಾಡುವುದು', ಅಷ್ಟೇ ಸಾಕು.

ಕಾಗದಪತ್ರ, ಔಷಧಿ

ಉಗಾಂಡಕ್ಕೆ ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. ಯಾವ ಬಗೆಯ ವೀಸಾ ಅಂತ ಕರೆಸಿಕೊಂಡವರಿಂದ ಬರಹದಲ್ಲೇ ಪಡೆಯಿರಿ. ಹಳದಿ ಜ್ವರದ ಲಸಿಕೆ ಕಡ್ಡಾಯ. ಹಾಕಿಸಿಕೊಂಡ 10 ದಿನದ ನಂತರವೇ ಅದರ ಕಾರ್ಡ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡ್ ಇಲ್ಲದೆ ಭಾರತಕ್ಕೆ ವಾಪಸಾದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ಹೊರಡುವ ಎಷ್ಟೋ ಮುಂಚೆಯೇ ಡಾಕ್ಟರನ್ನು ಕಾಣಿ.

ಡಾಲರ್ ಒಯ್ಯುವುದಾದರೆ ಹೊಸ ನೋಟು, ಅದರಲ್ಲೂ 50, 100ರದ್ದೇ ಇರಲಿ. ಹಳೆಯ, ಸುಕ್ಕಾದ ನೋಟನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಕಡಿಮೆ ಕೊಡುತ್ತಾರೆ. ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಪಿನ್ನಿನದು. ಸಸ್ಯಾಹಾರಿಗಳಿಗೂ ಊಟದ ಚಿಂತೆ ಬೇಡ: ಬೇಯಿಸಿದ ಬಾಳೆಕಾಯಿಯ ಮಟೋಕೆ, ಬೀನ್ಸ್, ಶೇಂಗಾ ಸಾರು, ಮುದ್ದೆಯ ಹಾಗೇ ಇರುವ ಮೆಕ್ಕೆಜೋಳದ ಹಿಟ್ಟಿನ ಪೋಶೋ.

ಮೊದಲ ಮೂರು ದಿನ ಬರೀ ನೋಡಿ

ಎಂಟೆಬೆಯಲ್ಲಿ ಇಳಿದು ಎಂಬರಾರ ತಲುಪುವಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ಮರುದಿನ ಸಭೆ, ಪರಿಚಯ, ಕುಶಲ ವಿಚಾರಣೆ. ಅಲ್ಲಿ ಮನೆಮಂದಿ, ದನಕರು ಎಲ್ಲರ ಕ್ಷೇಮ ಕೇಳಿ ಆದ ಮೇಲೆಯೇ ಕೆಲಸದ ಮಾತು. ಗಡಿಯಾರ ನೋಡಬೇಡಿ.

ಆಮೇಲೆ ಬೆಳಕು ಹರಿಯುವ ಮೊದಲೇ ಹಾಲು ಸಂಗ್ರಹ ಕೇಂದ್ರದ ಬಾಗಿಲಲ್ಲಿ ನಿಲ್ಲಿ. ಸೈಕಲ್, ಬೋಡಾಬೋಡಾ ಅನ್ನುವ ಬಾಡಿಗೆ ಬೈಕ್ ಮೇಲೆ ಹಳದಿ ಪ್ಲಾಸ್ಟಿಕ್ ಜೆರಿಕ್ಯಾನ್ ಕಟ್ಟಿಕೊಂಡು ಬರುತ್ತಾರೆ. ಲ್ಯಾಕ್ಟೋಮೀಟರ್ ಹಾಕಿ ನೀರು ಬೆರೆತಿದೆಯಾ ನೋಡುತ್ತಾರೆ, ಆಲ್ಕೋಹಾಲ್ ಬೆರೆಸಿ ಒಡೆಯುತ್ತದಾ ನೋಡುತ್ತಾರೆ. ನಮ್ಮ ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು, ಅಲ್ಲಿ ಹೆಚ್ಚಾಗಿ ಲೀಟರ್ ಲೆಕ್ಕ. ಒಂದು ಖಾಲಿ ಜೆರಿಕ್ಯಾನ್ ಇಸಿದುಕೊಂಡು ಮೂಸಿ ನೋಡಿ. ಬಾಯಿ ಸಣ್ಣದು, ಕೈ ಒಳಗೆ ಹೋಗುವುದಿಲ್ಲ, ಮೂಲೆಯಲ್ಲಿ ಹಳೆಯ ಹಾಲು ಕಚ್ಚಿಕೊಂಡಿರುತ್ತದೆ. ಹಾಲು ಹುಳಿಯಾಗುವುದರ ಒಂದು ಕಾರಣ ನಿಮ್ಮ ಮೂಗಿಗೇ ಸಿಕ್ಕಿತು.

'ಸ್ಟೀಲ್ ಕ್ಯಾನ್ ತಗೊಳ್ಳಿ' ಅಂತ ಹೇಳಿಬಿಡುವುದು ಸುಲಭ. ಅವರಿಗೂ ಅದು ಗೊತ್ತು. ಸ್ಟೀಲ್ ಕ್ಯಾನ್ ದುಬಾರಿ, ಜೆರಿಕ್ಯಾನ್ ಸಂತೆಯಲ್ಲೇ ಸಿಗುತ್ತದೆ, ಸೈಕಲ್‌ಗೆ ಕಟ್ಟಲು ಸಲೀಸು. ಕೊಳ್ಳಲು ದುಡ್ಡು ಯಾರದು, ಕಂತು ಹೇಗೆ ಅಂತ ಸಂಘದ ಖಜಾಂಚಿಯ ಜೊತೆ ಕೂತು ಲೆಕ್ಕ ಹಾಕದೆ ಈ ಮಾತು ಆಡಬೇಡಿ.

ಹೇಳಿಕೊಡುವಾಗ

ಪವರ್‌ಪಾಯಿಂಟ್ ಮನೆಯಲ್ಲೇ ಇರಲಿ. ಕ್ಯಾನನ್ನು ಅವರೇ ತೊಳೆಯಲಿ, ನೀವು ಪಕ್ಕದಲ್ಲಿರಿ. ಮೊದಲು ಬಿಸಿ ಅಲ್ಲದ ನೀರು, ಆಮೇಲೆ ಬ್ರಷ್, ಸೋಪು, ಬಿಸಿನೀರು. ಕೊನೆಗೆ ಮರದ ಅಟ್ಟಣೆ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸುವುದು. ಮೊದಲೇ ಕುದಿಯುವ ನೀರು ಸುರಿದರೆ ಹಾಲಿನಂಶ ಗೋಡೆಗೆ ಅಂಟಿಕೊಳ್ಳುತ್ತದೆ. ಹೆಂಗಸರು ಹೆಚ್ಚಾಗಿ ಈ ಕೆಲಸ ಮಾಡುವ ಊರಾದರೆ ಅವರಿಗೆ ಬಿಡುವಿರುವ ಹೊತ್ತಿಗೆ ತರಬೇತಿ ಇಡಿ. ಇಲ್ಲದಿದ್ದರೆ ಗಂಡಸರು ಮಾತ್ರ ಬಂದು ಚಹಾ ಕುಡಿದು ಹೋಗುತ್ತಾರೆ.

ಕೊನೆಯ ವರದಿ

ಸಲಹೆ ಮೂರೋ ನಾಲ್ಕೋ ಇರಲಿ. ಒಂದೊಂದರ ಎದುರಿಗೂ ಯಾರು ಮಾಡುತ್ತಾರೆ, ಯಾವಾಗ, ಎಷ್ಟು ಶಿಲ್ಲಿಂಗ್ ಬೇಕು ಅಂತ ಬರೆಯಿರಿ. ಹೊರಡುವ ಮುನ್ನ ಸಂಘದ ಸಭೆಯಲ್ಲಿ ಅವರದೇ ಒಬ್ಬರಿಂದ ಅದನ್ನು ಅವರ ಭಾಷೆಯಲ್ಲಿ ಓದಿಸಿ. 'ಇದು ನಮ್ಮಿಂದ ಆಗಲ್ಲ' ಅಂತ ಯಾರಾದರೂ ಅಂದರೆ ಆ ಸಲಹೆಯನ್ನು ಅಲ್ಲೇ ವರದಿಯಿಂದ ತೆಗೆದುಹಾಕಿ.

ಊರಿಗೆ ಬಂದ ಒಂದೆರಡು ತಿಂಗಳ ಮೇಲೆ ವಾಟ್ಸ್ಆಪ್‌ನಲ್ಲಿ ಕೇಳಿ: ಅಟ್ಟಣೆ ಕಟ್ಟಿದರಾ, ವಾಪಸ್ ಹೋಗುವ ಹಾಲು ಕಡಿಮೆಯಾಯಿತಾ? ಆಗಿಲ್ಲದಿದ್ದರೆ ಕಾರಣ ಕೇಳಿ, ಕಳಿಸಿದ ಸಂಸ್ಥೆಗೂ ಬರೆದು ತಿಳಿಸಿ. ಮುಂದೆ ಹೋಗುವವರ ಕೆಲಸದ ಪತ್ರದಲ್ಲಿ ಆ ಕಾರಣ ಇರಬೇಕು.