ಮೀನೆಣ್ಣೆ ಕ್ಯಾಪ್ಸೂಲ್: ಡಬ್ಬಿಯ ಹಿಂಬದಿ ಓದಿ, ಆಮೇಲೆ ನುಂಗಿ

ಮೆಡಿಕಲ್ ಶಾಪಿನಲ್ಲಿ ಮೀನೆಣ್ಣೆ ಕೇಳಿದರೆ ಕೈಗೆ ಬರುವ ಡಬ್ಬಿಯ ಮುಂಬದಿಯಲ್ಲಿ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ ಎಂದಿರುತ್ತದೆ. ಅದು ಬರೀ ಎಣ್ಣೆಯ ತೂಕ. ಡಬ್ಬಿ ತಿರುಗಿಸಿ ಸಣ್ಣಕ್ಷರದಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡು ಸಾಲು ಹುಡುಕಿ. ಮೀನೆಣ್ಣೆಯಲ್ಲಿ ಕೆಲಸಕ್ಕೆ ಬರುವ ಒಮೆಗಾ-3 ಕೊಬ್ಬುಗಳು ಇವು. ಮಾಮೂಲಿ ಡಬ್ಬಿಗಳಲ್ಲಿ ಇಪಿಎ 180, ಡಿಎಚ್‌ಎ 120 ಇರುತ್ತದೆ. ಕೂಡಿದರೆ 300. ನೀವು ದುಡ್ಡು ಕೊಡುತ್ತಿರುವುದು ಈ 300ಕ್ಕೆ. ಮಿಕ್ಕ 700 ಮಿ.ಗ್ರಾಂ ಬೇರೆ ಕೊಬ್ಬು. ಅದರಿಂದ ಕೆಡುಕಿಲ್ಲ, ಆದರೆ ಅದಕ್ಕಾಗಿ ಯಾರೂ ಮೀನೆಣ್ಣೆ ಕುಡಿಯುವುದಿಲ್ಲ.

ಇನ್ನೊಂದು ಮೋಸ ಹೋಗುವ ಜಾಗ ಸರ್ವಿಂಗ್. "ಪ್ರತಿ ಸರ್ವಿಂಗ್‌ಗೆ 600" ಎಂದು ಬರೆದು, ಮೂಲೆಯಲ್ಲಿ "ಒಂದು ಸರ್ವಿಂಗ್ ಎಂದರೆ 2 ಕ್ಯಾಪ್ಸೂಲ್" ಎಂದಿರುತ್ತದೆ. ಒಂದು ಕ್ಯಾಪ್ಸೂಲಿಗೆ ಎಷ್ಟು ಎಂದು ಭಾಗಿಸಿಯೇ ನೋಡಬೇಕು. "ಒಮೆಗಾ-3" ಎಂದಷ್ಟೇ ಬರೆದು ಇಪಿಎ, ಡಿಎಚ್‌ಎ ಬಿಡಿಬಿಡಿಯಾಗಿ ಕೊಡದ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಮೊದಲು ಭೂತಾಯಿಯ ಲೆಕ್ಕ

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಇಪಿಎ, ಡಿಎಚ್‌ಎ ಸೇರಿ 250ರಿಂದ 500 ಮಿ.ಗ್ರಾಂ ಸಾಕು. ನೂರು ಗ್ರಾಂ ಭೂತಾಯಿ (ಸಾರ್ಡೀನ್) ಮಾಂಸದಲ್ಲಿ, ಅಂದರೆ ಮಧ್ಯಮ ಗಾತ್ರದ ನಾಲ್ಕು ಮೀನಿನಲ್ಲಿ, ಸುಮಾರು ಒಂದು ಗ್ರಾಂ ಸಿಗುತ್ತದೆ. ಮೀನಿಗೆ ಕೊಬ್ಬು ಕೂಡುವ ತಿಂಗಳುಗಳಲ್ಲಿ ಇನ್ನೂ ಜಾಸ್ತಿ. ವಾರಕ್ಕೆ ಎರಡು ಸಲ ಭೂತಾಯಿ ಸಾರು ಉಂಡರೆ ಎರಡು ಗ್ರಾಂ ಆಯಿತು; ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ 300 ಮಿ.ಗ್ರಾಂ. ಅಂದರೆ ಮಾಮೂಲಿ ಕ್ಯಾಪ್ಸೂಲು ದಿನವೂ ಒಂದು ನುಂಗಿದಷ್ಟೇ. ಕಡುಬಿನ ಜೊತೆ ಮೀನು ಸಾರು ವಾರಕ್ಕೆರಡು ಸಲ ಆಗುವ ಮನೆಯವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ. ಮೀನಿನಲ್ಲಿ ಪ್ರೋಟೀನು, ವಿಟಮಿನ್ ಡಿ, ಮುಳ್ಳು ಅಗಿದರೆ ಸುಣ್ಣದ ಅಂಶ ಎಲ್ಲವೂ ಇವೆ. ಕ್ಯಾಪ್ಸೂಲಿನಲ್ಲಿ ಅವು ಇಲ್ಲ.

ಬಂಗುಡೆಯೂ ಇದೇ ಸಾಲಿನದು. ಕಾಟ್ಲಾ, ರೋಹು ಹಾಗಲ್ಲ. ತುಂಗೆಯಲ್ಲೋ ಲಿಂಗನಮಕ್ಕಿ ಹಿನ್ನೀರಿನಲ್ಲೋ ಹಿಡಿದ ಮೀನು ರುಚಿಗೆ ಎಷ್ಟೇ ಚೆನ್ನಾಗಿರಲಿ, ಈ ಎರಡು ಕೊಬ್ಬಿನ ವಿಷಯದಲ್ಲಿ ಸಮುದ್ರದ ಎಣ್ಣೆಮೀನಿಗಿಂತ ಬಹಳ ಹಿಂದೆ. ಮೊದಲ ಮಳೆಗೆ ಹೊಳೆಯಿಂದ ಮೇಲೆ ಹತ್ತಿ ಬರುವ ಹತ್ತುಮೀನನ್ನೂ ಭೂತಾಯಿಯ ಲೆಕ್ಕಕ್ಕೆ ಸೇರಿಸಬೇಡಿ.

ಮಲೆನಾಡಿಗೆ ಮಲ್ಪೆ, ಗಂಗೊಳ್ಳಿ ಕಡೆಯ ಮೀನು ಆಗುಂಬೆ, ಹುಲಿಕಲ್ ಘಾಟಿ ಹತ್ತಿ ಬರಬೇಕು. ಐಸ್ ಸರಿಯಾಗಿಲ್ಲದೆ ಬಿಸಿಲಿನಲ್ಲಿ ಬಂದ ಬಂಗುಡೆ, ಭೂತಾಯಿಯಲ್ಲಿ ಹಿಸ್ಟಮಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಉಂಡ ಅರ್ಧ ಗಂಟೆ, ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟೋ ಜನ ಇದನ್ನೇ ಮೀನಿನ ಅಲರ್ಜಿ ಅಂದುಕೊಂಡು ಜನ್ಮಕ್ಕೆಲ್ಲ ಮೀನು ಬಿಟ್ಟಿರುತ್ತಾರೆ. ಪ್ರತಿಸಲವೂ ಹಾಗಾದರೆ ಅಲರ್ಜಿ ಇರಬಹುದು, ಡಾಕ್ಟರಿಗೆ ತೋರಿಸಿ. ಒಂದೇ ಸಲ ಆಗಿದ್ದರೆ ತಪ್ಪು ಐಸ್‌ನದ್ದೂ ಇರಬಹುದು. ಕೊಳ್ಳುವಾಗ ಕಿವಿರು ಕೆಂಪಗಿರಬೇಕು, ಕಣ್ಣು ಗುಳಿಬಿದ್ದಿರಬಾರದು, ಭೂತಾಯಿಯ ಹೊಟ್ಟೆ ಒಡೆದಿರಬಾರದು.

ಅಡುಗೆಯಲ್ಲಿ ಸಾರು ಮಾಡಿದರೆ ಇಳಿದ ಎಣ್ಣೆಯೂ ಸಾರಿನಲ್ಲೇ ಉಳಿಯುತ್ತದೆ. ಬಾಣಲೆ ತುಂಬ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಸ್ವಲ್ಪ ಬಾಣಲೆಗೆ, ಬಾಣಲೆಯ ಎಣ್ಣೆ ಮೀನಿಗೆ. ಕಾವಲಿಯ ಮೇಲೆ ಸವರಿದ ಎಣ್ಣೆಯಲ್ಲಿ ಬೇಯಿಸುವುದಕ್ಕೆ ಅಡ್ಡಿಯಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಭೂತಾಯಿ ಅಪರೂಪ, ಇದ್ದರೂ ದುಬಾರಿ. ಅದಕ್ಕೆಂದು ಎರಡು ತಿಂಗಳ ಮಟ್ಟಿಗೆ ಕ್ಯಾಪ್ಸೂಲ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ವರ್ಷದ ಉಳಿದ ಹತ್ತು ತಿಂಗಳ ಊಟ ಅಷ್ಟರಲ್ಲಿ ಸೋರಿಹೋಗದು. ಒಣಮೀನಿನಲ್ಲಿ ಉಪ್ಪು ವಿಪರೀತ, ಬಿಪಿ ಇರುವವರು ಅದನ್ನು ಮೀನೆಣ್ಣೆಯ ಬದಲಿಗೆ ಎಂದು ತಿನ್ನಬಾರದು.

ಹಾರ್ಟಿಗೆ ಒಳ್ಳೆಯದೇ?

ಹೆಚ್ಚಿನವರು ಡಬ್ಬಿ ತರುವುದು ಇದೇ ನಂಬಿಕೆಯಿಂದ. ನಂಬಿಕೆಗೆ ಬುಡ ಇಲ್ಲದಿಲ್ಲ. 1999ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ, ಆಗಲೇ ಹೃದಯಾಘಾತ ಆಗಿದ್ದ 11 ಸಾವಿರಕ್ಕೂ ಹೆಚ್ಚು ಜನರಲ್ಲಿ, ದಿನಕ್ಕೊಂದು ಗ್ರಾಂ ತೆಗೆದುಕೊಂಡವರ ಸಾವು ಕಡಿಮೆಯಾಗಿತ್ತು. ಆಮೇಲೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಸ್ಟೆಂಟ್ ಎಲ್ಲ ಮಾಮೂಲಿಯಾದವು. 2018ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು: ವೈಟಲ್‌ನಲ್ಲಿ 25,871 ಜನ, ಅಸೆಂಡ್‌ನಲ್ಲಿ 15,480 ಸಕ್ಕರೆ ಕಾಯಿಲೆಯವರು. ಎರಡರಲ್ಲೂ ಮೀನೆಣ್ಣೆಯ ಗುಂಪಿಗೆ ದಿನಕ್ಕೆ ಒಂದು ಗ್ರಾಂ. ಪ್ರಯೋಗ ಹುಡುಕುತ್ತಿದ್ದ ಮುಖ್ಯ ಲಾಭ ಎರಡರಲ್ಲೂ ಕಾಣಲಿಲ್ಲ. ಹಾರ್ಟಿನ ತೊಂದರೆ ಇಲ್ಲದವರು "ಬರದೇ ಇರಲಿ" ಎಂದು ನುಂಗುವುದು ದಂಡ ಎನ್ನುವುದಕ್ಕೆ ಇದೇ ಆಧಾರ.

ಹೆಚ್ಚಿನ ಡೋಸಿನ ಕತೆ ಗೋಜಲಿನದು. ರೆಡ್ಯೂಸ್-ಇಟ್ ಎಂಬ ಪ್ರಯೋಗದಲ್ಲಿ, ಸ್ಟ್ಯಾಟಿನ್ ತೆಗೆದುಕೊಂಡೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಇಳಿಯದ 8,179 ಜನರ ಪೈಕಿ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಪಡೆದವರಿಗೆ ಹೃದಯದ ಅವಘಡ ಶೇ 25ರಷ್ಟು ಕಡಿಮೆಯಾಯಿತು. ಆದರೆ ಹೋಲಿಕೆಗೆ ಇಟ್ಟಿದ್ದ ಗುಂಪಿಗೆ ಕೊಟ್ಟದ್ದು ಮಿನರಲ್ ಆಯಿಲ್. ಅದೇ ಆ ಗುಂಪಿನ ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ವ್ಯತ್ಯಾಸವನ್ನು ದೊಡ್ಡದಾಗಿ ಕಾಣಿಸಿತೇ ಎಂಬ ತಕರಾರು ಇನ್ನೂ ಬಗೆಹರಿದಿಲ್ಲ. 2020ರ ಸ್ಟ್ರೆಂತ್ ಪ್ರಯೋಗದಲ್ಲಿ 13,078 ಜನ, ಇಪಿಎ, ಡಿಎಚ್‌ಎ ಸೇರಿದ 4 ಗ್ರಾಂ, ಎದುರಿಗೆ ಮೆಕ್ಕೆಜೋಳದೆಣ್ಣೆ. ಲಾಭ ಸಿಗದೆ ಮಧ್ಯದಲ್ಲೇ ನಿಲ್ಲಿಸಿದರು.

ಗ್ಯಾರಂಟಿಯಾಗಿ ನಡೆಯುವ ಒಂದು ಕೆಲಸವೆಂದರೆ ಟ್ರೈಗ್ಲಿಸರೈಡ್ ಇಳಿಸುವುದು. ಇದಕ್ಕೆ ದಿನಕ್ಕೆ 2ರಿಂದ 4 ಗ್ರಾಂ ಇಪಿಎ, ಡಿಎಚ್‌ಎ ಬೇಕು. ಮಾಮೂಲಿ ಕ್ಯಾಪ್ಸೂಲಿನಲ್ಲಿ ಲೆಕ್ಕ ಹಾಕಿದರೆ ಏಳರಿಂದ ಹದಿಮೂರು! ಆದ್ದರಿಂದ ಇದು ಡಾಕ್ಟರ ಚೀಟಿಯ ಮೇಲೆ, ಸಾಂದ್ರ ಎಣ್ಣೆಯಲ್ಲಿ ಮಾಡುವ ಕೆಲಸ. ರಾತ್ರಿ ಊಟವಾಗಿ 9ರಿಂದ 12 ಗಂಟೆ ಬರಿಹೊಟ್ಟೆಯಲ್ಲಿದ್ದು ಲಿಪಿಡ್ ಪ್ರೊಫೈಲ್ ಮಾಡಿಸಿ. ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಸರಿ. 200ರ ಆಸುಪಾಸು ಇದ್ದರೆ ಮೊದಲು ಹೆಂಡ, ಸಕ್ಕರೆ ಸುರಿದ ಕಾಫಿ, ಮೂರು ಹೊತ್ತಿನ ಅಕ್ಕಿಯ ಕಡೆ ನೋಡಿ: ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿರೊಟ್ಟಿ. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ, ಆಗ ತಡ ಮಾಡುವಂತಿಲ್ಲ. ಶುರು ಮಾಡಿ ಎರಡು ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಇಳಿಯದಿದ್ದರೆ ಮುಂದುವರಿಸುವುದಕ್ಕೆ ಅರ್ಥವಿಲ್ಲ. ಡಿಎಚ್‌ಎ ಇರುವ ಎಣ್ಣೆಯಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಕೊಂಚ ಏರುವುದುಂಟು, ಅದನ್ನೂ ಅದೇ ವರದಿಯಲ್ಲಿ ನೋಡಿ.

ಬಸುರಿಯರ ವಿಷಯ ಬೇರೆ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರನ್ ಸಂಸ್ಥೆಯ 2018ರ ಪರಾಮರ್ಶೆ ಸುಮಾರು 20 ಸಾವಿರ ಗರ್ಭಿಣಿಯರ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿತು. 34 ವಾರಕ್ಕೂ ಮೊದಲೇ ಹೆರಿಗೆ ಆಗುವುದು ಶೇ 4.6ರಿಂದ 2.7ಕ್ಕೆ ಇಳಿದಿತ್ತು. ಮೀನು ತಿನ್ನದವರು ಇದನ್ನು ಹೆರಿಗೆ ಡಾಕ್ಟರ ಹತ್ತಿರ ಕೇಳಲೇಬೇಕು. ಸಂಧಿವಾತದ ಗಂಟು ಊತಕ್ಕೆ ದಿನಕ್ಕೆ 3 ಗ್ರಾಂನಂತೆ ಎರಡು ಮೂರು ತಿಂಗಳು ಕೊಟ್ಟರೆ ಸ್ವಲ್ಪ ಹಗುರ ಅನ್ನಿಸಬಹುದು. ವಯಸ್ಸಿಗೆ ಸವೆದ ಮಂಡಿಗೆ ಅಂಥ ಭರವಸೆ ಇಲ್ಲ. ಒಣಗಣ್ಣಿಗೆ 2018ರ ಡ್ರೀಮ್ ಪ್ರಯೋಗದಲ್ಲಿ ಮೀನೆಣ್ಣೆಯೂ ಆಲಿವ್ ಎಣ್ಣೆಯೂ ಸಮಸಮ.

ಯಾರು ಕೇಳದೆ ಮುಟ್ಟಬಾರದು

ಎದೆಬಡಿತ ತಾಳ ತಪ್ಪುವವರು, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಇರುವವರು ಅಥವಾ ಹಿಂದೆ ಆಗಿದ್ದವರು. 2021ರಲ್ಲಿ ಏಳು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ತೊಂದರೆ, ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಶೇ 49, ಒಂದು ಗ್ರಾಂ ಒಳಗಿನವರಲ್ಲಿ ಶೇ 12ರಷ್ಟು ಹೆಚ್ಚಿತ್ತು. ಹಾರ್ಟಿಗೆಂದು ತಂದದ್ದು ಹಾರ್ಟನ್ನೇ ತಡವರಿಸುವಂತೆ ಮಾಡಬಲ್ಲದು. ನುಂಗಲು ಶುರುಮಾಡಿದ ಮೇಲೆ ಎದೆ ಡವಗುಟ್ಟಿದರೆ ನಿಲ್ಲಿಸಿ, ಇಸಿಜಿ ಮಾಡಿಸಿ.

ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತರಹದ ರಕ್ತ ತೆಳು ಮಾಡುವ ಮಾತ್ರೆಯವರು ಡಾಕ್ಟರಿಗೆ ಹೇಳದೆ ಶುರು ಮಾಡಬಾರದು. ವಾರ್ಫರಿನ್‌ನವರಿಗೆ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಒಂದು ಸಲ ಹೆಚ್ಚಿಗೆ ಬೇಕಾಗುತ್ತದೆ. ಹಲ್ಲು ಕೀಳಿಸುವಾಗ, ಆಪರೇಷನ್‌ಗೆ ಹೋಗುವಾಗ ಮಾತ್ರೆಗಳ ಪಟ್ಟಿಯಲ್ಲಿ ಇದನ್ನೂ ಹೇಳಿ. "ಅದು ಔಷಧಿ ಅಲ್ಲವಲ್ಲ" ಎಂದು ಬಿಟ್ಟುಬಿಡುವುದೇ ಜಾಸ್ತಿ.

ನಮ್ಮ ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ಡೆಂಗಿ ಇರಲಿ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇರಲಿ, ಎರಡರಲ್ಲೂ ರಕ್ತಸ್ರಾವದ ಭಯವಿದೆ. ಜ್ವರ ಬಂದ ದಿನದಿಂದಲೇ ನೀವಾಗಿ ತರಿಸಿಕೊಂಡ ಕ್ಯಾಪ್ಸೂಲನ್ನು ಬದಿಗಿಡಿ, ವಾಸಿಯಾದ ಮೇಲೆ ನೋಡಿದರಾಯಿತು. ಹದಿನೈದು ದಿನ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಡಾಕ್ಟರೇ ಬರೆದುಕೊಟ್ಟಿದ್ದರೆ ಅವರನ್ನು ಕೇಳಿ.

ಕಾಡ್ ಲಿವರ್ ಆಯಿಲ್ ಎಂಬುದು ಮೀನೆಣ್ಣೆಯ ಅಣ್ಣ ಅಲ್ಲ, ಬೇರೆ ಮನೆಯವನು. ಅದು ಮೀನಿನ ಪಿತ್ತಜನಕಾಂಗದ ಎಣ್ಣೆ, ವಿಟಮಿನ್ ಎ ಮತ್ತು ಡಿ ಜೊತೆಗೇ ಬರುತ್ತವೆ. ಒಮೆಗಾ ಸಾಲದೆಂದು ಅದನ್ನು ನಾಲ್ಕೈದು ನುಂಗಿದರೆ ವಿಟಮಿನ್ ಎ ಅತಿಯಾಗುತ್ತದೆ. ಬಸುರಿಯರಿಗೆ ಅದು ಬೇಡವೇ ಬೇಡ, ಮಗುವಿಗೆ ಊನ ತರಬಲ್ಲದು.

ಕೊಳ್ಳುವುದು, ನುಂಗುವುದು

ಬೆಲೆಯನ್ನು ಡಬ್ಬಿಗೆ ಹೋಲಿಸಬೇಡಿ, ಗ್ರಾಂಗೆ ಹೋಲಿಸಿ. ಉದಾಹರಣೆಗೆ 60 ಕ್ಯಾಪ್ಸೂಲಿನ ಡಬ್ಬಿ 450 ರೂಪಾಯಿ, ಒಂದರಲ್ಲಿ 300 ಮಿ.ಗ್ರಾಂ ಎಂದುಕೊಳ್ಳಿ: ಒಟ್ಟು 18 ಗ್ರಾಂ, ಗ್ರಾಂಗೆ 25 ರೂಪಾಯಿ. ಪಕ್ಕದ ಡಬ್ಬಿ 1,080 ರೂಪಾಯಿ, ಒಂದರಲ್ಲಿ 750: ಒಟ್ಟು 45 ಗ್ರಾಂ, ಗ್ರಾಂಗೆ 24. ದುಬಾರಿ ಕಂಡದ್ದೇ ಅಗ್ಗ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ತಯಾರಾದ ತಿಂಗಳು, ಬ್ಯಾಚ್ ನೋಡಿ. ಎಣ್ಣೆ ಕೆಟ್ಟಿದೆಯೇ ಎಂದು ಅಳೆಯುವ ಟೋಟಾಕ್ಸ್ ಎಂಬ ಅಂಕಿಯನ್ನು ಕೆಲವು ಕಂಪನಿಗಳು ಕೊಡುತ್ತವೆ. 26ರ ಒಳಗಿರಬೇಕು, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ನುಂಗುವುದು ಊಟದ ಜೊತೆ, ಅದೂ ಜಿಡ್ಡು ಇರುವ ಊಟದ ಜೊತೆ. ಈಥೈಲ್ ಎಸ್ಟರ್ ರೂಪದ ಎಣ್ಣೆ, ಸಾಂದ್ರ ಕ್ಯಾಪ್ಸೂಲುಗಳಲ್ಲಿ ಹೆಚ್ಚಾಗಿ ಅದೇ ಇರುವುದು, ಬೇರೆ ಕೊಬ್ಬಿಲ್ಲದೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೆಳಿಗ್ಗೆ ಬರೀ ಕಷಾಯದ ಜೊತೆಯೋ ಗಂಜಿಯ ಜೊತೆಯೋ ನುಂಗಿದರೆ ಅರ್ಧಂಬರ್ಧ. ಕಾಯಿ ಅರೆದ ಸಾರು, ತುಪ್ಪ ಇರುವ ಮಧ್ಯಾಹ್ನದ ಊಟದ ನಡುವೆ ನುಂಗಿ, ಕೊನೆಯಲ್ಲಿ ಅಲ್ಲ. ಮೇಲೆ ಅನ್ನ ಬಿದ್ದರೆ ಮೀನಿನ ತೇಗು ಕಡಿಮೆ. ನುಂಗಿದ ಕೂಡಲೇ ಅಡ್ಡಾಗಬೇಡಿ. ಎರಡಕ್ಕಿಂತ ಹೆಚ್ಚಿದ್ದರೆ ಎರಡು ಹೊತ್ತಿಗೆ ಹಂಚಿ. ಹೊಟ್ಟೆ ಸಡಿಲವಾದರೆ ಒಂದಕ್ಕಿಳಿಸಿ ವಾರಕ್ಕೊಂದರಂತೆ ಏರಿಸಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ ದಿನಕ್ಕೆ 5 ಗ್ರಾಂವರೆಗೆ ಚಿಂತೆಯಿಲ್ಲ ಎಂದಿತ್ತು, ಆದರೆ ಎದೆಬಡಿತದ ಲೆಕ್ಕ ಬಂದದ್ದು ಅದರ ನಂತರ. ಡಾಕ್ಟರು ಹೇಳದೆ ಒಂದು ಗ್ರಾಂ ದಾಟಬೇಡಿ.

ಮೀನು ಮುಟ್ಟದ ಮನೆಯವರಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ. ಮೀನಿಗೂ ಇದು ಸಿಗುವುದು ಪಾಚಿಯಿಂದಲೇ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಮೂಲದ ಜೆಲಟಿನ್ನೋ ಎಂದು ಹಸಿರು ಚುಕ್ಕೆ ನೋಡಿ ಖಾತ್ರಿ ಮಾಡಿಕೊಳ್ಳಿ. ಅಗಸೆಬೀಜದಲ್ಲಿರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3, ಒಂದು ದೊಡ್ಡ ಚಮಚ ಪುಡಿಯಲ್ಲಿ ಎರಡು ಗ್ರಾಂ ಹತ್ತಿರ ಇದ್ದರೂ ಮೈಯಲ್ಲಿ ಇಪಿಎ ಆಗುವುದು ಸ್ವಲ್ಪವೇ, ಡಿಎಚ್‌ಎ ಆಗುವುದು ಇನ್ನೂ ಕಡಿಮೆ. ಚಟ್ನಿಪುಡಿಗೆ ಹಾಕಿ ತಿನ್ನಿ, ಇಡಿಯಾಗಿ ನುಂಗಿದರೆ ಇಡಿಯಾಗಿಯೇ ಹೊರಗೆ ಹೋಗುತ್ತದೆ. ಹುಚ್ಚೆಳ್ಳು ಈ ಲೆಕ್ಕಕ್ಕೆ ಬರುವುದಿಲ್ಲ, ಅದರದ್ದು ಮುಖ್ಯವಾಗಿ ಒಮೆಗಾ-6.

ಮಳೆಗಾಲದ ಡಬ್ಬಿ

ಜುಲೈಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಬಟ್ಟೆ ಒಣಗದ ಹವೆಗೆ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಜೆಲಟಿನ್ ತೇವ ಹೀರಿದ್ದಷ್ಟೇ, ಎಣ್ಣೆ ಕೆಟ್ಟಿತೆಂದಲ್ಲ. ಆದರೆ ಬಿಡಿಸುವಾಗ ಒಡೆದದ್ದನ್ನು, ಜಿನುಗುತ್ತಿರುವುದನ್ನು ಎಸೆಯಿರಿ. ಗಾಳಿ ತಾಕಿದ ಮೀನೆಣ್ಣೆ ಬೇಗ ಕಮಟುತ್ತದೆ. ಒಳಗಿನ ಸಿಲಿಕಾ ಪೊಟ್ಟಣ ತೆಗೆಯಬೇಡಿ, ಒದ್ದೆ ಕೈ ಹಾಕಬೇಡಿ. ಒಲೆಯ ಹತ್ತಿರದ ಗೂಡು, ಬಚ್ಚಲು, ಕಾರಿನ ಡ್ಯಾಶ್‌ಬೋರ್ಡು ಬೇಡ. ಫ್ರಿಜ್‌ನಲ್ಲಿಟ್ಟರೆ ಅಲ್ಲೇ ಇರಲಿ; ದಿನವೂ ಹೊರಗಿಟ್ಟು ಒಳಗಿಟ್ಟರೆ ಬೆವರಿ ಮತ್ತೆ ಅಂಟುತ್ತದೆ. ತಂಪಿಗೆ ಎಣ್ಣೆ ಮಬ್ಬಾದರೆ ಗಾಬರಿ ಬೇಡ, ಹೊರಗೆ ತಿಳಿಯಾಗುತ್ತದೆ. 120ರ ಡಬ್ಬಿಗಿಂತ 30ರದ್ದು, 60ರದ್ದು ಈ ಹವೆಗೆ ಸರಿ. ತೆರೆದ ತಾರೀಕು ಮುಚ್ಚಳದ ಮೇಲೆ ಬರೆಯಿರಿ.

ತಿಂಗಳಿಗೊಮ್ಮೆ ಒಂದು ಕ್ಯಾಪ್ಸೂಲನ್ನು ಕತ್ತರಿಯಲ್ಲಿ ಕತ್ತರಿಸಿ ಸ್ಟೀಲು ಚಮಚಕ್ಕೆ ಹಿಂಡಿ ಮೂಸಿ. ಹಸಿಮೀನಿನ ನಸುವಾಸನೆ ಇದ್ದರೆ ಸರಿ. ಹಪ್ಪಳ ಕರಿದು ವಾರ ಬಿಟ್ಟ ಎಣ್ಣೆಯ ಹಾಗೆ, ಅಥವಾ ಪೇಂಟಿನ ಹಾಗೆ ನಾತ ಬಂದರೆ, ನಾಲಿಗೆಗಿಟ್ಟಾಗ ಕಹಿಯಾಗಿ ಗಂಟಲು ಕೆರೆದರೆ, ಡಬ್ಬಿಯ ಮೇಲಿನ ತಾರೀಕು ಎಷ್ಟೇ ದೂರವಿರಲಿ, ಕಸಕ್ಕೆ. ನಿಂಬೆ, ಕಿತ್ತಳೆ ಪರಿಮಳ ಹಾಕಿದ್ದರಲ್ಲಿ ಮೂಗು ಮೋಸ ಹೋಗುತ್ತದೆ, ನಾಲಿಗೆಯನ್ನೇ ನಂಬಿ. ಕಮಟಿದ್ದನ್ನು ದುಡ್ಡು ಕೊಟ್ಟಿದ್ದೇವೆಂದು ನಾಯಿಯ ಅನ್ನಕ್ಕೆ ಬೆರೆಸಬೇಡಿ, ಉಳಿದ ನಾಲ್ಕನ್ನು ಹೊಸ ಡಬ್ಬಿಗೂ ಸುರಿಯಬೇಡಿ.