ಅಂಗಳದಲ್ಲಿ ಮ್ಯಾಗ್ನೋಲಿಯಾ ಬೆಳೆಸಿದ ನನ್ನ ಅನುಭವ

ಮ್ಯಾಗ್ನೋಲಿಯಾ ನೆಡೋಣವೇ ಎಂದು ಯಾರಾದರೂ ಕೇಳಿದರೆ ನಾನು ಹೂವಿನ ಮಾತೇ ಎತ್ತುವುದಿಲ್ಲ. ಮರದ ಬುಡದಲ್ಲಿ ಏನಿರಬೇಕು ಅಂದುಕೊಂಡಿದ್ದೀರಿ ಎಂದು ಕೇಳುತ್ತೇನೆ. ಹುಲ್ಲುಹಾಸು ಅಂದರೆ ಬೇಡ. ಕಾರು ನಿಲ್ಲಿಸುವ ಜಾಗ ಅಂದರೂ ಬೇಡ. ಏನೂ ಇಲ್ಲದಿದ್ದರೂ ಪರವಾಗಿಲ್ಲ, ಮರವೊಂದಿದ್ದರೆ ಸಾಕು ಅನ್ನುವವರ ಜೊತೆ ಮಾತ್ರ ಮಾತು ಮುಂದುವರಿಸುತ್ತೇನೆ. ಹೂವಿನ ಫೋಟೊ ನೋಡಿ ಗಿಡ ತರುವವರು ಬಹಳ ಜನ. ಎಲೆ, ಬೇರು, ಜಾಗ ಇಷ್ಟನ್ನೂ ಯೋಚಿಸಿ ತರುವವರು ಕಡಿಮೆ.

ನನ್ನಲ್ಲಿರುವುದು ಮೂರು. ಅಂಗಳದ ದೂರದ ಮೂಲೆಯಲ್ಲಿ ದೊಡ್ಡ ಬಿಳಿ ಹೂವಿನ ಗ್ರಾಂಡಿಫ್ಲೋರಾ, ಮೆಟ್ಟಿಲ ಹತ್ತಿರ ಅದರದೇ ಗಿಡ್ಡ ತಳಿ ಲಿಟಲ್ ಜೆಮ್, ಹಿಂದುಗಡೆ ಬೀಜದಿಂದ ಎಬ್ಬಿಸಿದ ಕೆಂಡಸಂಪಿಗೆ. ಸಂಪಿಗೆಯನ್ನು ಇಲ್ಲೇಕೆ ಸೇರಿಸಿದೆ ಅನ್ನಬೇಡಿ. ಮೊದಲು ಮಿಚೇಲಿಯಾ ಕುಲದಲ್ಲಿದ್ದ ಅದನ್ನು ಸಸ್ಯಶಾಸ್ತ್ರಜ್ಞರು ಈಗ ಮ್ಯಾಗ್ನೋಲಿಯಾ ಕುಲಕ್ಕೇ ಸೇರಿಸಿದ್ದಾರೆ. ಮೂರನ್ನೂ ಒಟ್ಟಿಗೆ ಸಾಕಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮುನಿಸು, ಹಟ, ನಿಧಾನ ಮೂರರದ್ದೂ ಒಂದೇ.

ಈ ಕುಲದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ, ಆದರೆ ಅಂಗಳಕ್ಕೆ ಬೇಕಾದ ವಿಂಗಡಣೆ ಎರಡೇ: ಎಲೆ ಪೂರ್ತಿ ಉದುರಿಸಿ ಬರಿಗೊಂಬೆಯಲ್ಲಿ ಹೂ ಬಿಡುವವು, ಸದಾ ಹಸಿರಾಗಿರುವವು. ಮೊದಲ ಗುಂಪಿನಲ್ಲಿ ಹೆಸರುವಾಸಿಯಾದದ್ದು ಸುಲಾಂಜಿಯಾನ. ಫ್ರಾನ್ಸಿನ ಎತಿಯೆನ್ ಸುಲಾಂಜ್-ಬೊದಾಂ 1820ರಲ್ಲಿ ಚೀನಾ ಮೂಲದ ಎರಡು ಮ್ಯಾಗ್ನೋಲಿಯಾಗಳನ್ನು ಅಡ್ಡಹಾಯಿಸಿ ಪಡೆದ ಮಿಶ್ರತಳಿ ಅದು. ಮೊದಲ ಹೂ ಬಿಟ್ಟದ್ದು 1826ರಲ್ಲಿ. ಚಳಿಗಾಲವೇ ಇಲ್ಲದ ಕಡೆ ಇದನ್ನು ನೆಟ್ಟು ಕಾಯುವುದು ವ್ಯರ್ಥ. ಚಳಿ ಇರುವ ಕಡೆಯೂ ಇದಕ್ಕೊಂದು ತಕರಾರಿದೆ. ಬೇಗ ಬಿಸಿಲು ಕಾಯುವ ಗೋಡೆಯ ಪಕ್ಕ ನೆಟ್ಟರೆ ಮೊಗ್ಗು ಅವಸರಪಟ್ಟು ಅರಳುತ್ತದೆ, ಮರುದಿನ ಹಿಮ ಬಿದ್ದರೆ ಆ ವರ್ಷದ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಜಾಗ ತೀರಾ ಕಡಿಮೆ ಇದ್ದು ಊರು ತಂಪಾಗಿದ್ದರೆ ಜಪಾನಿನ ಸ್ಟೆಲಾಟಾ ಒಳ್ಳೆಯದು, ಎರಡು-ಮೂರು ಮೀಟರಿನ ಪೊದೆಯಾಗಿ ನಿಲ್ಲುತ್ತದೆ. ಇವೆರಡನ್ನೂ ನಾನು ಸಾಕಿಲ್ಲ, ಹಾಗಾಗಿ ಅವುಗಳ ಮಾತು ಇಲ್ಲಿಗೇ ಸಾಕು.

ಗ್ರಾಂಡಿಫ್ಲೋರಾ ಅಮೆರಿಕದ ಆಗ್ನೇಯ ಭಾಗದ ಕಾಡುಮರ. ತವರಿನಲ್ಲಿ 25 ಮೀಟರ್ ದಾಟುತ್ತದೆ. ಅಂಗಳದಲ್ಲಿ ಅಷ್ಟು ಬೆಳೆಯದಿದ್ದರೂ ಬೆಳೆಯಬಹುದು ಅಂದುಕೊಂಡೇ ಜಾಗ ಹುಡುಕಬೇಕು. ಮನೆಯಿಂದ ನಾನು ಎಂಟು ಮೀಟರ್ ದೂರ ಬಿಟ್ಟೆ. ಮೇಲೆ ತಂತಿ ಇಲ್ಲ, ಕೆಳಗೆ ಪೈಪ್ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗುದ್ದಲಿ ಹಾಕಿದ್ದು. ಯಾಕಿಷ್ಟು ಜಾಗ್ರತೆ ಅಂದರೆ, ಈ ಗಿಡವನ್ನು ಆಮೇಲೆ ಕಿತ್ತು ಬೇರೆ ಕಡೆ ನೆಡುವ ಆಸೆಯನ್ನು ಬಿಟ್ಟುಬಿಡಬೇಕು. ಇದರ ಬೇರು ಮಾಂಸಲ, ದಪ್ಪ, ಕವಲು ಕಡಿಮೆ. ಒಮ್ಮೆ ತುಂಡಾದರೆ ಚೇತರಿಸಿಕೊಳ್ಳಲು ಬಹಳ ಕಾಲ ಬೇಕು. ಎಳೆಯ ಗಿಡವಾದರೆ ತಡೆದುಕೊಂಡೀತು, ಆಳೆತ್ತರ ದಾಟಿದ್ದನ್ನು ಕದಲಿಸಬಾರದು.

ಗುಂಡಿ ಆಳವಾಗಿರಬೇಕು ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಮ್ಯಾಗ್ನೋಲಿಯಾಕ್ಕೆ ಅಗಲ ಮುಖ್ಯ. ಬೇರಿನ ಹೆಂಟೆಯ ಎರಡು-ಮೂರು ಪಟ್ಟು ಅಗಲ ತೋಡಿ, ಆಳವನ್ನು ಹೆಂಟೆಯಷ್ಟೇ ಇಟ್ಟೆ. ಕಾಂಡ ಬೇರಾಗಿ ಹಿಗ್ಗುವ ಭಾಗ ನೆಲದ ಮಟ್ಟಕ್ಕೇ ಕಾಣುತ್ತಿರಬೇಕು. ಹೂತುಹೋದರೆ ಬುಡ ಕೊಳೆಯುವುದಕ್ಕೆ ದಾರಿ. ಮಣ್ಣು ತುಸು ಹುಳಿ ಇರಬೇಕು, ಪಿಎಚ್ 5.5ರಿಂದ 6.5ರ ಆಸುಪಾಸು. ಸುಣ್ಣದ ಅಂಶ ಹೆಚ್ಚಿದ್ದರೆ ಎಲೆಯ ನರ ಹಸಿರಾಗೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಇದನ್ನು ನೋಡಿ ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುವವರುಂಟು. ಗೊಬ್ಬರ ಇದ್ದೇ ಇರುತ್ತದೆ. ಮಣ್ಣಿನಲ್ಲಿರುವ ಕಬ್ಬಿಣವನ್ನು ಬೇರು ಹೀರಿಕೊಳ್ಳಲಾಗುತ್ತಿಲ್ಲ ಅಷ್ಟೆ. ಹೊಸದಾಗಿ ಕಟ್ಟಿದ ಗೋಡೆಯ ಪಕ್ಕ, ಸಿಮೆಂಟು-ಗಾರೆ ಬಿದ್ದ ಮಣ್ಣಿನಲ್ಲಿ ಈ ಗಿಡ ಸೊರಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಈಗ ಎಲೆಯ ಕಥೆ. ಸದಾ ಹಸಿರು ಅಂದರೆ ಎಲೆ ಉದುರುವುದಿಲ್ಲ ಎಂದು ತಿಳಿದು ತರುವವರಿಗೆ ಕಾದಿದೆ ಹಬ್ಬ. ಒಂದೊಂದು ಎಲೆ ಸುಮಾರು ಎರಡು ವರ್ಷ ಮರದಲ್ಲಿರುತ್ತದೆ, ಆಮೇಲೆ ಬೀಳುತ್ತದೆ. ಹೊಸ ಚಿಗುರು ಬರುವಾಗ ರಾಶಿ ರಾಶಿ, ಉಳಿದ ದಿನಗಳಲ್ಲಿ ಒಂದೆರಡು, ಒಂದೆರಡು. ಎಲೆ ಉದುರಿಸುವ ಮರವಾದರೆ ವರ್ಷಕ್ಕೊಮ್ಮೆ ಗುಡಿಸಿ ಕೈ ತೊಳೆದುಕೊಳ್ಳಬಹುದು, ಇದಕ್ಕೆ ರಜೆಯೇ ಇಲ್ಲ. ಬಿದ್ದ ಎಲೆ ಗೇಣುದ್ದ, ಮೇಲೆ ಹೊಳಪು, ಕೆಳಗೆ ತುಕ್ಕಿನ ಬಣ್ಣದ ನವಿರು. ಒಣಗಿದ ಮೇಲೆ ಚಪ್ಪಲಿಯ ತೊಗಲಿನ ಹಾಗೆ ಗಟ್ಟಿ. ಕಾಲಿಟ್ಟರೆ ಪಟಪಟ ಸದ್ದು, ಗಾಳಿಗೆ ಸಿಮೆಂಟಿನ ಮೇಲೆ ಪರಪರ ಉಜ್ಜಿಕೊಂಡು ಓಡುತ್ತದೆ. ಮಳೆನೀರಿನ ಚರಂಡಿಯ ಬಾಯಿಗೆ ಅಡ್ಡ ಕೂತರೆ ಒಂದೇ ಎಲೆ ಸಾಕು, ನೀರು ನಿಲ್ಲುತ್ತದೆ.

ಗೊಬ್ಬರದ ಗುಂಡಿಗೆ ಹಾಕಿದರೆ ಬೇರೆಲ್ಲ ಎಲೆಗಳೂ ಮಣ್ಣಾದ ಮೇಲೂ ಇದು ಹಾಗೇ ಕೂತಿರುತ್ತದೆ. ಯಂತ್ರದಲ್ಲಿ ಪುಡಿ ಮಾಡಿ, ಹಸಿ ಕಸದ ಜೊತೆ ಬೆರೆಸಿ ಹಾಕಿದರೆ ಮಾತ್ರ ಒಪ್ಪುತ್ತದೆ. ಆದರೆ ನಾನು ಕಂಡುಕೊಂಡ ಸುಲಭದ ದಾರಿ ಬೇರೆ. ಗ್ರಾಂಡಿಫ್ಲೋರಾದ ಕೆಳಗಿನ ಕೊಂಬೆಗಳನ್ನು ನಾನು ಸವರಲೇ ಇಲ್ಲ. ಅವು ನೆಲ ಮುಟ್ಟುವಷ್ಟು ಇಳಿದು ಸುತ್ತಲೂ ಪರದೆ ಕಟ್ಟಿವೆ, ಎಲೆ ಒಳಗೇ ಬಿದ್ದು ಒಳಗೇ ಉಳಿಯುತ್ತದೆ. ನೋಡುವವರಿಗೆ ಕಸ ಕಾಣುವುದಿಲ್ಲ, ಬೇರಿಗೆ ಹೊದಿಕೆ ಪುಕ್ಕಟೆ. ಬುಡ ಬೋಳಿಸಿ ಕೊಡೆಯ ಆಕಾರ ಕೊಟ್ಟವರೆಲ್ಲ ಪೊರಕೆ ಹಿಡಿದು ನಿಂತಿರುವುದನ್ನು ನೋಡುತ್ತಿರುತ್ತೇನೆ. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವ ಆಸೆ ಇದ್ದರೆ ಈ ದಾರಿ ಆಗುವುದಿಲ್ಲ, ಅದೂ ನಿಜ.

ಬೇರು ಮನೆಯ ಪಾಯ ಒಡೆಯುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ನನ್ನ ಮಟ್ಟಿಗೆ ಅದಕ್ಕಿಂತ ನಿಜವಾದ ತೊಂದರೆ ನೆಲಹಾಸಿನದ್ದು. ಇದರ ಬೇರು ಆಳಕ್ಕೆ ಇಳಿಯುವುದಕ್ಕಿಂತ ಮೇಲ್ಮಣ್ಣಿನಲ್ಲೇ, ನೆರಳಿನ ಅಂಚನ್ನೂ ದಾಟಿ ಹರಡುತ್ತದೆ. ದಪ್ಪವಾಗುತ್ತ ಹೋದಂತೆ ಕಲ್ಲುಚಪ್ಪಡಿಯನ್ನು ಎತ್ತುತ್ತದೆ. ದಟ್ಟ ನೆರಳು, ಮೇಲೇ ಹರಿದ ಬೇರು, ಕೊಳೆಯದ ಎಲೆ ಇಷ್ಟೂ ಸೇರಿದ ಕಡೆ ಹುಲ್ಲು ಬರುವುದಿಲ್ಲ. ಬರಿಸಲು ಹಟ ಹಿಡಿದು ಅಗೆದರೆ ಗಾಯವಾಗುವುದು ಬೇರಿಗೆ. ಹಾಗಾಗಿ ನನ್ನ ಮರದ ಸುತ್ತ ಏನೂ ನೆಟ್ಟಿಲ್ಲ. ಹೊದಿಕೆಯನ್ನೂ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟೇ ಹಾಕುತ್ತೇನೆ.

ಇಷ್ಟೆಲ್ಲ ಇದ್ದೂ ಯಾಕೆ ಸಾಕುತ್ತೇನೆ ಅಂದರೆ, ಹೂವಿಗಾಗಿಯೇ. ಅಗಲ 30 ಸೆಂಟಿಮೀಟರಿನವರೆಗೂ ಹೋಗುವ ಬಿಳಿ ಬಟ್ಟಲು, ನಿಂಬೆಯ ಛಾಯೆಯ ಪರಿಮಳ. ಅದರ ನಡವಳಿಕೆ ಇನ್ನೂ ಸ್ವಾರಸ್ಯ. ಮೊದಲು ಅರಳಿದಾಗ ನಡುವಿನ ಶಲಾಕೆಗಳು, ಅಂದರೆ ಹೂವಿನ ಹೆಣ್ಣು ಭಾಗ, ಮಾತ್ರ ಪರಾಗ ಪಡೆಯಲು ಸಿದ್ಧ. ಆಮೇಲೆ ಹೂ ಮತ್ತೆ ಮುಚ್ಚಿಕೊಳ್ಳುತ್ತದೆ, ಎಷ್ಟೋ ಸಲ ಒಳಗೆ ದುಂಬಿಗಳನ್ನು (ಜೀರುಂಡೆ ಜಾತಿಯ ಕೀಟಗಳನ್ನು) ಇಟ್ಟುಕೊಂಡೇ. ಎರಡನೆಯ ಸಲ ತೆರೆದಾಗ ಕೇಸರಗಳು ಕಳಚಿ ಬಟ್ಟಲಿನ ತಳಕ್ಕೆ ಉದುರಿರುತ್ತವೆ, ದುಂಬಿಗಳು ಪರಾಗ ಮೆತ್ತಿಕೊಂಡು ಅದರಲ್ಲಿ ಹೊರಳಾಡುತ್ತಿರುತ್ತವೆ. ಭೂಮಿಯಲ್ಲಿ ಜೇನು ಹುಟ್ಟುವ ಮೊದಲೇ ಈ ವಂಶ ದುಂಬಿಗಳನ್ನು ನಂಬಿ ಬದುಕಿತ್ತು ಅನ್ನುತ್ತಾರೆ. ದಳಗಳು ಅಷ್ಟು ದಪ್ಪ, ಗಟ್ಟಿ ಇರುವುದಕ್ಕೂ ಅದೇ ಕಾರಣವಂತೆ. ಅಷ್ಟು ಗಟ್ಟಿ ದಳವೂ ಬೆರಳು ತಾಗಿದರೆ ಕಂದುತ್ತದೆ. ಆದ್ದರಿಂದ ಕಿತ್ತು ಹೂದಾನಿಯಲ್ಲಿ ಇಡುವ ಹೂವಲ್ಲ ಇದು, ಮೂಗನ್ನೇ ಅದರ ಬಳಿಗೆ ಒಯ್ಯಬೇಕು. ಎರಡು-ಮೂರು ದಿನಕ್ಕೆ ಒಂದು ಹೂವಿನ ಬಾಳು ಮುಗಿಯುತ್ತದೆ. ಒಂದರ ಹಿಂದೆ ಒಂದು ಬರುವುದರಿಂದ ಕೊರತೆ ಅನ್ನಿಸುವುದಿಲ್ಲ.

ಆದರೆ ಆ ಮೊದಲ ಹೂವಿನವರೆಗೆ ಕಾಯುವುದಿದೆಯಲ್ಲ! ಬೀಜದ ಗ್ರಾಂಡಿಫ್ಲೋರಾ ಹೂ ಬಿಡಲು 10 ವರ್ಷ ಸಾಮಾನ್ಯ, 15 ಆದರೂ ಅಚ್ಚರಿ ಇಲ್ಲ. ಕಸಿ ಗಿಡ ಅಥವಾ ಕಡ್ಡಿಯಿಂದ ಬೇರು ಬರಿಸಿದ್ದು ಎರಡು-ಮೂರು ವರ್ಷಕ್ಕೇ ಮೊಗ್ಗು ತೋರಿಸುತ್ತದೆ. ನರ್ಸರಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಕೇಳಿ ಸುಮ್ಮನಾಗದೆ ಕಾಂಡದ ಬುಡದ ಹತ್ತಿರ ಕಸಿಯ ಗಂಟು ಇದೆಯೇ ಎಂದು ಬಗ್ಗಿ ನೋಡಿ. ಲಿಟಲ್ ಜೆಮ್ ಇದರಲ್ಲಿ ಉದಾರಿ, ಇನ್ನೂ ಎಳೆಯದಿರುವಾಗಲೇ ಹೂ ಕೊಟ್ಟಿತು. ಎತ್ತರ ಆರು ಮೀಟರ್, ಅಗಲ ಮೂರು ಮೀಟರ್ ಆಸುಪಾಸಿನಲ್ಲಿ ನಿಲ್ಲುವ ತಳಿ ಅದು. ಎಲೆ ಹೂ ಎರಡೂ ಚಿಕ್ಕವು, ಹಾಗಾಗಿ ಕಸವೂ ಚಿಕ್ಕದು.

ಸಂಪಿಗೆಯನ್ನು ಬೀಜದಿಂದಲೇ ಮಾಡಿದೆ, ಖುಷಿಗೆ. ಹಣ್ಣು ಬಿರಿದು ಕೆಂಪು ಬೀಜ ಹೊರಬಂದ ಕೂಡಲೇ ಹಕ್ಕಿಗಳು ಹಾಜರು. ಅವುಗಳಿಗಿಂತ ಮೊದಲು ನಾವು ಎದ್ದಿರಬೇಕು. ಮೇಲಿನ ಕೆಂಪು ತಿರುಳನ್ನು ಉಜ್ಜಿ ತೊಳೆದು, ಒಣಗಿಸದೆ ಹಾಗೇ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜದ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಗ್ರಾಂಡಿಫ್ಲೋರಾದ ಬೀಜಕ್ಕೆ ಇದರ ಜೊತೆ ಕೆಲವು ತಿಂಗಳು ತಂಪಿನಲ್ಲಿ ಒದ್ದೆ ಮರಳಿನಲ್ಲಿಡುವ ಉಪಚಾರವೂ ಬೇಕು.

ಸವರುವ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಗ್ರಾಂಡಿಫ್ಲೋರಾ ಹೂ ಬಿಡುವುದು ಕೊಂಬೆಯ ತುದಿಯಲ್ಲಿ, ಸಂಪಿಗೆ ಬಿಡುವುದು ಎಲೆಯ ಕಂಕುಳಲ್ಲಿ. ಅಂದವಾಗಲಿ ಎಂದು ಗ್ರಾಂಡಿಫ್ಲೋರಾವನ್ನು ಬೇಲಿಯ ಹಾಗೆ ಸುತ್ತಲೂ ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ. ಕಡಿದ ಗಾಯ ಮುಚ್ಚುವುದೂ ನಿಧಾನ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು ಇಷ್ಟನ್ನು ಹೂವಿನ ಕಾಲ ಮುಗಿದ ಮೇಲೆ ತೆಗೆಯುತ್ತೇನೆ.

ರೋಗ-ಕೀಟ ಹೆಚ್ಚಿಲ್ಲ. ಕೊಂಬೆಗೆ ಹುರುಪೆಯ ಹಾಗೆ ಅಂಟಿಕೊಂಡು ರಸ ಹೀರುವ ಶಲ್ಕ ಕೀಟ ಮಾತ್ರ ಬರುತ್ತದೆ. ಕೊಂಬೆಯ ಮೇಲೆ ಇರುವೆಗಳ ಸಾಲು, ಎಲೆಯ ಮೇಲೆ ಅಂಟು, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಕಂಡರೆ ಅದೇ. ಬೂಷ್ಟನ್ನು ಉಜ್ಜುತ್ತ ಕೂರುವುದರಲ್ಲಿ ಅರ್ಥವಿಲ್ಲ, ರಸ ಹೀರುವ ಹುಳ ಹೋದರೆ ಅದೂ ಹೋಗುತ್ತದೆ. ಚಿಕ್ಕ ಗಿಡದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೆರೆದೆ, ಕೈಗೆಟುಕದ ಕೊಂಬೆಗಳಿಗೆ ಬಿಸಿಲು ಇಳಿದ ಮೇಲೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿದೆ.

ನೀರಿನ ಬಗ್ಗೆ ಒಂದು ಮಾತು ಉಳಿಯಿತು. ಮೊದಲ ಎರಡು ವರ್ಷ ಪಾತಿ ಒಣಗಲು ಬಿಡಬಾರದು, ನೀರು ನಿಲ್ಲಲೂ ಬಿಡಬಾರದು. ಹೊದಿಕೆಯ ಕೆಳಗೆ ಬೆರಳು ತೂರಿಸಿ ನೋಡಿ, ತೇವ ಇದ್ದರೆ ಆವತ್ತು ನೀರು ಬೇಡ.